ಬಡಗಿಯ ಕೈಗೆ ಮೌಸ್: ‘ಐ, ಡೇನಿಯಲ್ ಬ್ಲೇಕ್’ ಚಿತ್ರದ ಮರುನೋಟ

ಕೆನ್ ಲೋಚ್ ನಿರ್ದೇಶಿಸಿದ ‘ಐ, ಡೇನಿಯಲ್ ಬ್ಲೇಕ್’ ಚಿತ್ರವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ನೋಡಿದ್ದು ಅದು ಬಿಡುಗಡೆಯಾದ 2016ರಲ್ಲಿ. ಆಗ ನಾನಿನ್ನೂ ಜಿ.ಪಿ. ಆಗಿ ದುಡಿಯುತ್ತಿದ್ದೆ. ಎರಡನೆಯ ಸಲ ಕಳೆದ ಚಳಿಗಾಲದಲ್ಲಿ. ಅಷ್ಟರಲ್ಲಿ ನಿವೃತ್ತನಾಗಿ, ಪ್ರತಿ ಮಂಗಳವಾರ ಬೆಳಿಗ್ಗೆ ಊರಿನ ಲೈಬ್ರರಿಯಲ್ಲಿ ವಯಸ್ಸಾದವರಿಗೆ ಕಂಪ್ಯೂಟರು, ಮೊಬೈಲು ಹೇಳಿಕೊಡುವ ಸ್ವಯಂಸೇವಕನಾಗಿದ್ದೆ. ಮೊದಲ ಸಲ ಚಿತ್ರಮಂದಿರದ ಎಲ್ಲರೊಂದಿಗೆ ನಾನೂ ಜೋರಾಗಿ ನಕ್ಕಿದ್ದ ಒಂದು ದೃಶ್ಯದಲ್ಲಿ ಈ ಸಲ ನಗು ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಯೋಚಿಸುತ್ತ ಹೋದದ್ದೇ ಈ ಬರಹ. ಸ್ಮರಣ ಸಂಚಿಕೆಯ ಸಂಪಾದಕರು ತಂತ್ರಜ್ಞಾನ ಮತ್ತು ಹಿರಿಯರ ಬಗ್ಗೆ ಬರೆದುಕೊಡಿ ಎಂದಿದ್ದರು. ನಾನು ಸಿನಿಮಾ ಹಿಡಿದು ಬಂದಿದ್ದೇನೆ, ಕ್ಷಮಿಸಬೇಕು.

ನೋಡದವರಿಗಾಗಿ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನ್ಯೂಕ್ಯಾಸಲ್‌ನ ಡೇನಿಯಲ್ ಬ್ಲೇಕ್ 59ರ ಬಡಗಿ, ಹೆಂಡತಿ ತೀರಿಕೊಂಡಿದ್ದಾಳೆ. ಹೃದಯಾಘಾತವಾಗಿ, ಕೆಲಸಕ್ಕೆ ಹೋಗಬೇಡ ಎಂದು ವೈದ್ಯರು ಹೇಳಿದ್ದಾರೆ. ಸರ್ಕಾರದ ಪರವಾಗಿ ನಡೆಯುವ ಪರೀಕ್ಷೆ ಮಾತ್ರ ಅವನು ಕೆಲಸಕ್ಕೆ ಯೋಗ್ಯ ಎನ್ನುತ್ತದೆ. ಅನಾರೋಗ್ಯದ ಭತ್ಯೆ ನಿಂತುಹೋಗುತ್ತದೆ. ಮೇಲ್ಮನವಿ ಹಾಕುವುದಕ್ಕೆ ಮೊದಲು ಮರುಪರಿಶೀಲನೆಗೆ ಕಾಯಬೇಕು. ಅಲ್ಲಿಯವರೆಗೆ ಹೊಟ್ಟೆಗೆ ನಿರುದ್ಯೋಗ ಭತ್ಯೆ ಪಡೆಯಬೇಕು. ಅದಕ್ಕೆ ಅರ್ಜಿ ಆನ್‌ಲೈನಿನಲ್ಲೇ ಹಾಕಬೇಕು. ಅವನು ಕಂಪ್ಯೂಟರ್ ಮುಟ್ಟಿದವನಲ್ಲ. ಲಂಡನ್ನಿನಿಂದ ಬಂದ ಕೇಟಿ ಎಂಬ ತಾಯಿ, ಅವಳ ಇಬ್ಬರು ಮಕ್ಕಳು, ಪಕ್ಕದ ಮನೆಯ ಚೈನಾ ಎಂಬ ಅಡ್ಡಹೆಸರಿನ ಹುಡುಗ ಅವನ ಬಳಗ. ಪೌಲ್ ಲಾವರ್ಟಿ ಬರೆದ ಚಿತ್ರಕಥೆ. ಡೇವ್ ಜಾನ್ಸ್ ಮತ್ತು ಹೇಲಿ ಸ್ಕ್ವೈರ್ಸ್ ಅಭಿನಯ. ಆ ವರ್ಷ ಕಾನ್ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿಯಾದ ‘ಪಾಮ್ ದೋರ್’ ಇದಕ್ಕೆ ಬಂತು.

ಮೊದಲ ಸಲ ನೋಡಿದಾಗ ನನ್ನ ಮನಸ್ಸು ಆರಂಭದ ದೃಶ್ಯದಲ್ಲೇ ಸಿಕ್ಕಿಕೊಂಡಿತ್ತು. ಪರದೆ ಕಪ್ಪಾಗಿದೆ, ಕೇಳುವುದು ಎರಡು ಧ್ವನಿ ಮಾತ್ರ. ಆ ಕಡೆಯ ಧ್ವನಿ ತೋಳೆತ್ತಲು ಬರುತ್ತದೆಯೇ, ಗುಂಡಿ ಒತ್ತಲು ಬರುತ್ತದೆಯೇ ಎಂದು ಪಟ್ಟಿ ಹಿಡಿದು ಕೇಳುತ್ತದೆ. ಹೃದಯದ ಸುದ್ದಿ ಎತ್ತುವುದಿಲ್ಲ. 2008ರಲ್ಲಿ ಶುರುವಾದ ಈ ಸಾಮರ್ಥ್ಯ ಪರೀಕ್ಷೆಯಲ್ಲಿ 15 ಅಂಕ ಬಂದರೆ ಭತ್ಯೆ, ಬಾರದಿದ್ದರೆ ಸಾಮಾನ್ಯವಾಗಿ ಇಲ್ಲ. ನನ್ನ ಕೊಠಡಿಯಲ್ಲಿ ಕುಳಿತು ಅತ್ತವರಿಗಾಗಿ ನಾನು ಬರೆದುಕೊಟ್ಟ ಪತ್ರಗಳಿಗೆ ಲೆಕ್ಕವಿಲ್ಲ. ಹಾಗಾಗಿ ಆ ದೃಶ್ಯ ನನಗೆ ಹೊಸದಲ್ಲ. ಅಷ್ಟು ಕರಾರುವಾಕ್ಕಾಗಿ ತೆಗೆದಿದ್ದಾರಲ್ಲ ಎಂಬುದಷ್ಟೇ ಆಶ್ಚರ್ಯ. ಆ ಸಿಟ್ಟಿನಲ್ಲೇ ಮನೆಗೆ ಬಂದಿದ್ದೆ. ಮೌಸಿನ ದೃಶ್ಯವನ್ನು ಮರೆತೇಬಿಟ್ಟಿದ್ದೆ.

ಆ ದೃಶ್ಯ ಇಷ್ಟೇ. ಲೈಬ್ರರಿಯಲ್ಲಿ ಡೇನಿಯಲ್ ಕಂಪ್ಯೂಟರ್ ಮುಂದೆ ಕುಳಿತಿದ್ದಾನೆ. ಮೌಸನ್ನು ಪರದೆಯ ಮೇಲೆ ಸರಿಸಿ ಎಂದು ಯಾರೋ ಹೇಳುತ್ತಾರೆ. ಅವನು ಮೌಸನ್ನೇ ಎತ್ತಿ ಪರದೆಯ ಗಾಜಿಗೆ ಒತ್ತುತ್ತಾನೆ. ಸಭಾಂಗಣ ತುಂಬ ನಗು. ಮುಂದೆ ಪರದೆ ಹೆಪ್ಪುಗಟ್ಟಿದೆ ಎಂದಾಗ ಕರಗಿಸಲಾಗದೇ ಎಂಬರ್ಥದ ಮಾತು ಹೇಳುತ್ತಾನೆ, ಮತ್ತೆ ನಗು. (ನಮ್ಮಲ್ಲಿ ಕಂಪ್ಯೂಟರ್ ಹೆಪ್ಪುಗಟ್ಟುವುದಿಲ್ಲ, ‘ಹ್ಯಾಂಗ್’ ಆಗುತ್ತದೆ, ಈ ತಮಾಷೆ ಕನ್ನಡಕ್ಕೆ ಬಾರದು.) ಮತ್ತೆ ಮತ್ತೆ ತಪ್ಪು, ಕೊನೆಗೆ ಅವನ ಸರದಿಯ ಹೊತ್ತು ಮುಗಿಯುತ್ತದೆ.

ಈ ಸಲ ನನಗೆ ಅನಿಸಿದ್ದು: ಇದು ಬಡಗಿಗೆ ಮಾಡಿದ ಅನ್ಯಾಯ. ಇಡೀ ಚಿತ್ರದಲ್ಲಿ ಲೋಚ್ ಅವರ ಕ್ಯಾಮೆರಾ ಡೇನಿಯಲನ ಕೈಗಳನ್ನು ಪ್ರೀತಿಯಿಂದ ನೋಡುತ್ತದೆ. ಮರದಲ್ಲಿ ಮೀನು ಕೆತ್ತಿ ತೂಗುಬಿಡುವ ಕೈ ಅದು. ಕೇಟಿಯ ಮನೆಯ ಕಿಟಕಿಗೆ ಗುಳ್ಳೆ ಪ್ಲಾಸ್ಟಿಕ್ ಅಂಟಿಸಿ, ಹೂಕುಂಡದ ಕೆಳಗೆ ಮೋಂಬತ್ತಿ ಹಚ್ಚಿಟ್ಟು ಚಳಿ ಓಡಿಸುವ ಕೈ. ಆ ಕೈಗೆ ಮೌಸ್ ಎಷ್ಟರ ಮಟ್ಟಿನದು? ಉಳಿ ಹಿಡಿದು ಕೂದಲೆಳೆಯಷ್ಟು ಮರ ತೆಗೆಯಬಲ್ಲವನು ಒಂದು ಪ್ಲಾಸ್ಟಿಕ್ ಡಬ್ಬಿಯನ್ನು ಮೇಜಿನ ಮೇಲೆ ಸರಿಸಲು ಕಲಿಯಲಾರನೇ? ಕೈಕಸುಬಿನವರು ಎಲ್ಲರಿಗಿಂತ ಬೇಗ ಕಲಿಯುತ್ತಾರೆ ಎಂಬುದು ನನ್ನ ಮಂಗಳವಾರಗಳ ಅನುಭವ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಹೆಂಗಸೊಬ್ಬರು ಅರ್ಧ ಗಂಟೆಯಲ್ಲಿ ಮೌಸಿಗೆ ಒಗ್ಗಿಕೊಂಡರು. ತಡವಾಗುವುದು ನನ್ನಂಥ ಓದಿದವರಿಗೆ. ತಪ್ಪಾಗುತ್ತದೆಂದು ಮುಟ್ಟುವುದೇ ಇಲ್ಲ.

ದೇಹದ ತೊಡಕುಗಳಿಲ್ಲ ಎಂದಲ್ಲ. ಅವು ಚಿತ್ರದಲ್ಲಿ ತೋರಿಸಿದಂಥವಲ್ಲ, ಅಷ್ಟೇ. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ. ಮೊಬೈಲಿನ ಗಾಜು ಆ ಸ್ಪರ್ಶವನ್ನು ಕೆಲವೊಮ್ಮೆ ಗುರುತಿಸುವುದೇ ಇಲ್ಲ. ಆಗ ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಹೊತ್ತು ಒತ್ತಿದರೆ ಮೊಬೈಲು ಬೇರೆಯೇ ಅರ್ಥ ಮಾಡಿಕೊಂಡು ಬೇರೇನೋ ತೆರೆಯುತ್ತದೆ. ಓದಲು, ದೂರ ನೋಡಲು ಒಂದೇ ಕನ್ನಡಕ ಹಾಕುವವರು ಪರದೆ ಕಾಣಲು ಗದ್ದ ಎತ್ತಿ ಕೂರುತ್ತಾರೆ. ಇಪ್ಪತ್ತು ನಿಮಿಷಕ್ಕೆ ಕತ್ತು ನೋವು. ಸಂಧಿವಾತದ ಬೆರಳಿಗೆ ಎರಡು ಸಲ ಚಕಚಕನೆ ಕ್ಲಿಕ್ ಮಾಡುವುದು ಕಷ್ಟ. ಆ ವೇಗವನ್ನು ಸೆಟ್ಟಿಂಗಿನಲ್ಲಿ ನಿಧಾನ ಮಾಡಬಹುದೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಇವೆಲ್ಲಕ್ಕೂ ಮದ್ದಿದೆ, ಸುಲಭದ್ದೇ ಇದೆ.

ಮದ್ದಿಲ್ಲದ್ದು ಹೆದರಿಕೆಗೆ. ಅದನ್ನು ಚಿತ್ರ ಬಹಳ ಚೆನ್ನಾಗಿ ಹಿಡಿದಿದೆ. ಡೇನಿಯಲ್ ಕಂಪ್ಯೂಟರ್ ಕಲಿಯಲು ಕುಳಿತಿಲ್ಲ, ಅನ್ನಕ್ಕಾಗಿ ಕುಳಿತಿದ್ದಾನೆ. ಅಲ್ಲಿ ಮಾಡಿದ ಪ್ರತಿ ತಪ್ಪಿಗೂ ಬೆಲೆಯಿದೆ. ವಾರಕ್ಕೆ 35 ಗಂಟೆ ಕೆಲಸ ಹುಡುಕಿದ್ದಕ್ಕೆ ಪುರಾವೆ ಕೊಡದಿದ್ದರೆ ಭತ್ಯೆ ಕಡಿತ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂದು ನಮ್ಮಲ್ಲಿ ಹೇಳುವುದು ಇದಕ್ಕೇ. ಅಕ್ಷರ ಕಲಿಯುವ ಮಗುವಿಗೆ ಮೊದಲ ದಿನವೇ ಆಸ್ತಿ ಪತ್ರ ಬರೆ, ತಪ್ಪಾದರೆ ಮನೆ ಹೋಗುತ್ತದೆ ಎಂದು ಯಾರಾದರೂ ಹೇಳುತ್ತಾರೆಯೇ? ದೊಡ್ಡವರಿಗೆ ಹಾಗೆ ಹೇಳುತ್ತಿದ್ದೇವೆ.

ಅರವತ್ತರ ಸುಮಾರಿಗೆ ಮನುಷ್ಯ ಹೊಸತನ್ನು ಕಲಿಯಲಾರ ಎಂಬ ಮಾತನ್ನು ವೈದ್ಯನಾಗಿ ನಾನು ಒಪ್ಪುವುದಿಲ್ಲ. ಹೃದಯಾಘಾತದ ನಂತರ ಈ ದೇಶದಲ್ಲಿ ರೋಗಿಗಳನ್ನು ಕೆಲವು ವಾರಗಳ ಪುನಶ್ಚೇತನ ತರಗತಿಗೆ ಕರೆಯುತ್ತಾರೆ. ನನ್ನ ರೋಗಿಗಳು ಅಲ್ಲಿಗೆ ಹೋಗಿ ಬಂದು ಹೇಳುತ್ತಿದ್ದದ್ದನ್ನು ನೆನೆಸಿಕೊಳ್ಳುತ್ತೇನೆ. ಜೀವಮಾನದಲ್ಲಿ ಡಬ್ಬಿಯ ಹಿಂದಿನ ಸಣ್ಣಕ್ಷರ ಓದದವರು ಉಪ್ಪೆಷ್ಟು, ಕೊಬ್ಬೆಷ್ಟು ಎಂದು ಓದಲು ಕಲಿತರು. ತಮ್ಮ ನಾಡಿ ತಾವೇ ಹಿಡಿದು ಎಣಿಸಲು ಕಲಿತರು. ಅಲ್ಲಿ ಪಕ್ಕದಲ್ಲಿ ತಮ್ಮಂತೆಯೇ ಎದೆ ಹಿಡಿದುಕೊಂಡು ಬಂದ ಇನ್ನೊಬ್ಬನಿದ್ದ. ತಪ್ಪಿದರೆ ನರ್ಸ್ ಮತ್ತೆ ಹೇಳುತ್ತಿದ್ದಳು, ದಂಡ ಹಾಕುತ್ತಿರಲಿಲ್ಲ.

ಚಿತ್ರದಲ್ಲಿ ಇಂಥ ಒಂದೇ ಒಂದು ಗಳಿಗೆ ಇದೆ. ಜಾಬ್ ಸೆಂಟರಿನ ಆನ್ ಎಂಬ ಉದ್ಯೋಗಿ ಡೇನಿಯಲನ ಅವಸ್ಥೆ ನೋಡಲಾರದೆ ಕಂಪ್ಯೂಟರಿನ ಪಕ್ಕ ನಿಂತು ಅರ್ಜಿ ತುಂಬಲು ಸಹಾಯ ಮಾಡುತ್ತಾಳೆ. ಮೇಲಧಿಕಾರಿ ಅವಳನ್ನು ಕರೆದು ಗದರಿಸುತ್ತಾರೆ: ಹೀಗೆ ಮಾಡಿದರೆ ಎಲ್ಲರೂ ಇದನ್ನೇ ಕೇಳುತ್ತಾರಂತೆ. ನನ್ನ ಮಟ್ಟಿಗೆ ಇಡೀ ಚಿತ್ರದ ತಿರುಳು ಈ ಪುಟ್ಟ ದೃಶ್ಯದಲ್ಲಿದೆ. ಡೇನಿಯಲ್ ಗೋಡೆಯ ಮೇಲೆ ಬಣ್ಣದಲ್ಲಿ ತನ್ನ ಹೆಸರು ಬರೆಯುವ ಪ್ರಸಿದ್ಧ ದೃಶ್ಯದಲ್ಲಿಲ್ಲ. ಗೋಡೆಬರಹ ಚಪ್ಪಾಳೆ ಗಿಟ್ಟಿಸುತ್ತದೆ. ಆನ್‌ಳ ದೃಶ್ಯ ಏನನ್ನು ತೆಗೆದುಹಾಕಲಾಯಿತೆಂದು ತೋರಿಸುತ್ತದೆ. ಕಂಪ್ಯೂಟರ್ ಬಂದದ್ದು ಯಾರಿಗೂ ತೊಂದರೆಯಲ್ಲ. ಅದು ಬಂದ ನೆಪದಲ್ಲಿ ಪಕ್ಕದ ಕುರ್ಚಿ ಎತ್ತಿಟ್ಟರು.

ಇದೇ ದೇಶ ಒಂದು ಕಾಲದಲ್ಲಿ ಹೀಗಿರಲಿಲ್ಲ. 1969ರಲ್ಲಿ ಸ್ಥಾಪನೆಯಾಗಿ 1971ರಲ್ಲಿ ಪಾಠ ಆರಂಭಿಸಿದ ಓಪನ್ ಯೂನಿವರ್ಸಿಟಿ, ಬಿಬಿಸಿಯ ಟಿವಿ, ರೇಡಿಯೊಗಳನ್ನು ಬಳಸಿ ಮನೆಯಲ್ಲಿರುವ ದೊಡ್ಡವರಿಗೆ ಪದವಿ ಪಾಠ ಹೇಳಿತು. ಪ್ರವೇಶಕ್ಕೆ ಹಿಂದಿನ ಅಂಕಪಟ್ಟಿ ಬೇಕಿರಲಿಲ್ಲ. ಆ ಕಾಲಕ್ಕೆ ಟಿವಿಯೇ ಹೊಸ ತಂತ್ರಜ್ಞಾನ. ಆದರೆ ಟಿವಿ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ವಿದ್ಯಾರ್ಥಿಗೆ ಒಬ್ಬ ಬೋಧಕ, ಊರೂರಲ್ಲಿ ಅಧ್ಯಯನ ಕೇಂದ್ರ, ಬೇಸಿಗೆ ಶಿಬಿರ ಎಲ್ಲ ಜೊತೆಗಿದ್ದವು. ಲೋಚ್ ಚಿತ್ರದ ಕೇಟಿಗೂ ಓಪನ್ ಯೂನಿವರ್ಸಿಟಿಯ ಓದನ್ನು ಮುಂದುವರಿಸುವ ಆಸೆ. ಡೇನಿಯಲ್ ಅವಳ ಪುಸ್ತಕಗಳಿಗೆಂದು ಕಪಾಟು ಮಾಡುತ್ತಾನೆ. ಆಮೇಲೆ ಅವಳು ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳುವ ಜಾಗಕ್ಕೆ ಅವನು ಬಂದಾಗ ಆ ಕಪಾಟಿನ ಮಾತು ಬರುತ್ತದೆ. ಕಲಿಯಬೇಕೆಂಬ ಒಬ್ಬ ವಯಸ್ಕಳ ಆಸೆ ಹೇಗೆ ಬತ್ತಿತು ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಚಿತ್ರ ಬೇರೆ ನೋಡಿಲ್ಲ. ಇಲ್ಲಿ ಲೋಚ್ ನಿಜವಾಗಿ ದೊಡ್ಡವರು.

ಅವರೊಂದಿಗಿನ ನನ್ನ ಜಗಳ ಬೇರೆ ಕಡೆ ಇದೆ. ಈ ಚಿತ್ರಕ್ಕೆ ಪೆನ್ಸಿಲ್ಲೆಂದರೆ ಮೋಹ. ಡೇನಿಯಲ್ ಪೆನ್ಸಿಲಿನಲ್ಲಿ ತನ್ನ ವಿವರ ಬರೆದು ಕೆಲಸ ಕೇಳಿಕೊಂಡು ಹೋಗುವುದು ಅವನ ಘನತೆಯಾಗಿ ಕಾಣುತ್ತದೆ. ಕಂಪ್ಯೂಟರು ಶತ್ರುವಾಗಿ ಕಾಣುತ್ತದೆ. ಆದರೆ ಅದೇ ಚಿತ್ರದಲ್ಲಿ ಪಕ್ಕದ ಮನೆಯ ಚೈನಾ ಅದೇ ಪರದೆಯಲ್ಲಿ ದೂರದ ಚೀನಾದ ಗೆಳೆಯನೊಂದಿಗೆ ಮುಖಾಮುಖಿ ಮಾತಾಡುತ್ತಾನೆ, ಶೂ ತರಿಸಿ ಮಾರುತ್ತಾನೆ, ನಗುತ್ತಾನೆ. ಡೇನಿಯಲನೂ ಕುತೂಹಲದಿಂದ ನೋಡುತ್ತಾನೆ. ಕಲಿಕೆಗೆ ಬಾಗಿಲು ತೆರೆದದ್ದು ಅಲ್ಲಿ! ಚಿತ್ರಕಥೆ ಆ ಬಾಗಿಲೊಳಗೆ ಕಾಲಿಡುವುದಿಲ್ಲ. ಚೈನಾ ಡೇನಿಯಲನ ಅರ್ಜಿಯನ್ನು ತಾನೇ ತುಂಬಿಕೊಡುತ್ತಾನೆ, ಪ್ರೀತಿಯಿಂದಲೇ ಮಾಡುತ್ತಾನೆ. ಅರ್ಜಿ ಮುಗಿಯುತ್ತದೆ, ಡೇನಿಯಲ್ ಇದ್ದಲ್ಲೇ ಇರುತ್ತಾನೆ.

ಈ ‘ನಾನೇ ಮಾಡಿಕೊಡುತ್ತೇನೆ ಬಿಡಿ’ ಎಂಬ ಪ್ರೀತಿಯ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ. ನಾನು ಹುಟ್ಟಿದ್ದು ಗದಗಿನ ಹತ್ತಿರದ ಹಳ್ಳಿಯಲ್ಲಿ. ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಮುಂಬೈಯಲ್ಲಿದ್ದ ಚಿಕ್ಕಪ್ಪನ ಪತ್ರವನ್ನು ಪೋಸ್ಟ್ ಮಾಸ್ತರರೇ ಓದಿ ಹೇಳುತ್ತಿದ್ದರು, ಉತ್ತರವನ್ನೂ ಅವರೇ ಬರೆಯುತ್ತಿದ್ದರು. ಒಳ್ಳೆಯ ಮನುಷ್ಯ. ಆದರೂ ಅಜ್ಜಿಗೆ ಬಂದ ಸುದ್ದಿ ಅಜ್ಜಿಗಿಂತ ಮೊದಲು ಊರ ಕಟ್ಟೆಗೆ ಗೊತ್ತಾಗುತ್ತಿತ್ತು. ಸೊಸೆಯ ಮೇಲಿನ ಬೇಸರವನ್ನು ಮಗನಿಗೆ ಬರೆಸಬೇಕೆಂದರೆ ಊರಿಗೆಲ್ಲ ಬರೆಸಿದಂತೆ. ಅಜ್ಜಿ ಬರೆಸಲೇ ಇಲ್ಲ.

ಇಂದಿನ ಪೋಸ್ಟ್ ಮಾಸ್ತರರು ನಮ್ಮ ಮಕ್ಕಳು. ಅಪ್ಪನ ಬ್ಯಾಂಕು, ಅಮ್ಮನ ಎನ್‌ಎಚ್‌ಎಸ್ ಆ್ಯಪು ಎಲ್ಲದರ ಪಾಸ್‌ವರ್ಡ್ ಅವರ ಹತ್ತಿರ. ಇಂಗ್ಲೆಂಡಿನಲ್ಲಿ 2023ರ ಅಕ್ಟೋಬರ್ ಕೊನೆಯೊಳಗೆ ಜಿ.ಪಿ. ಕೇಂದ್ರಗಳು ರೋಗಿಯ ಹೊಸ ದಾಖಲೆಗಳನ್ನು ಅವರಿಗೆ ಆನ್‌ಲೈನಿನಲ್ಲಿ ಕಾಣುವಂತೆ ಮಾಡಬೇಕೆಂಬ ನಿಯಮ ಬಂತು. ರೋಗಿಯ ಹಕ್ಕಿನ ದೃಷ್ಟಿಯಿಂದ ಒಳ್ಳೆಯದೇ. ಆದರೆ ನಾನು ವೃತ್ತಿಯಲ್ಲಿ ಕಂಡ ಎಷ್ಟೋ ಹೆಂಗಸರ ಫೋನು ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತಿತ್ತು. ಕೊಠಡಿಯ ಬಾಗಿಲು ಹಾಕಿದ ಮೇಲೆ ಆಕೆ ಪಿಸುಗುಟ್ಟಿದ್ದನ್ನು ವೈದ್ಯ ಬರೆದುಕೊಂಡರೆ ಸಂಜೆ ಅದನ್ನು ಮೊದಲು ಓದುವವರು ಯಾರು? ಈ ಅಪಾಯವನ್ನು ವೈದ್ಯರು ಎತ್ತಿದ್ದರು. ತೊಂದರೆಯಾಗಬಹುದಾದವರಿಗೆ ದಾಖಲೆ ಕಾಣದಂತೆ ಮುಚ್ಚಿಡುವ ವ್ಯವಸ್ಥೆಯೂ ಇದೆ. ಆದರೆ ಯಾರಿಗೆ ತೊಂದರೆಯಾದೀತೆಂದು ವೈದ್ಯನಿಗೆ ಮೊದಲೇ ಗೊತ್ತಿರಬೇಕಲ್ಲ.

ಇಷ್ಟೆಲ್ಲ ಬರೆಯುವ ನಾನು ಸಾಚಾ ಅಲ್ಲ. ನಿವೃತ್ತಿಗೆ ಕೆಲವು ವರ್ಷ ಮೊದಲು ನಮ್ಮ ಚಿಕಿತ್ಸಾಲಯದ ಬಾಗಿಲಲ್ಲಿ, ಬಂದವರು ತಮ್ಮ ಹುಟ್ಟಿದ ದಿನಾಂಕ ಒತ್ತಿ ಹಾಜರಿ ಹಾಕುವ ಪರದೆ ಇಟ್ಟೆವು. ಸ್ವಾಗತದ ಮೇಜಿನಲ್ಲಿ ಒಬ್ಬರನ್ನು ಕಡಿಮೆ ಮಾಡಬಹುದು ಎಂಬ ಲೆಕ್ಕಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಒಂದು ಮಧ್ಯಾಹ್ನ ಮನೆಗೆ ಹೊರಟವನು ನೋಡುತ್ತೇನೆ, ಕಾಯುವ ಕೋಣೆಯ ಮೂಲೆಯಲ್ಲಿ ಒಬ್ಬ ವೃದ್ಧರು ಕೋಟು ತೊಟ್ಟೇ ಕುಳಿತಿದ್ದಾರೆ. ಬೆಳಿಗ್ಗೆಯ ಸರದಿಯವರು. ಪರದೆ ಮುಟ್ಟಿರಲಿಲ್ಲ, ಹಾಗಾಗಿ ನಮ್ಮ ಲೆಕ್ಕದಲ್ಲಿ ಅವರು ಬಂದೇ ಇರಲಿಲ್ಲ. ‘ಗೈರು’ ಎಂದು ನಾನೇ ದಾಖಲಿಸಿದ್ದೆ. ಯಾರನ್ನೂ ಕೇಳಿ ತೊಂದರೆ ಕೊಡಬಾರದೆಂದು ಸುಮ್ಮನಿದ್ದೆ ಎಂದರು. ಒಳಗೆ ಕರೆದು ನೋಡಿದೆ. ರಕ್ತದೊತ್ತಡ ವಿಪರೀತ ಏರಿತ್ತು. ಅವರನ್ನು ಕಡೆಗಣಿಸಿದ್ದು ಯಾವುದೋ ಕ್ರೂರ ಸರ್ಕಾರವಲ್ಲ, ನಾನು ಮತ್ತು ನನ್ನ ಸಹೋದ್ಯೋಗಿಗಳು. ಲೋಚ್ ಚಿತ್ರದಲ್ಲಿ ನಮ್ಮಂಥವರಿಗೆ ಪಾತ್ರವಿಲ್ಲ. ಅಲ್ಲಿ ಅಧಿಕಾರಿಗಳು ಒಂದು ಕಡೆ, ಒಳ್ಳೆಯವರು ಒಂದು ಕಡೆ. ಒಳ್ಳೆಯ ಉದ್ದೇಶದಿಂದಲೇ ಕುರ್ಚಿ ಎತ್ತಿಟ್ಟವರ ಕಥೆ ಇನ್ನೂ ಯಾರೂ ಮಾಡಿಲ್ಲ ಎಂದು ನನಗನಿಸುತ್ತದೆ.

ನೀತಿಯ ಮಾತು ಬೇಗ ಮುಗಿಸುತ್ತೇನೆ. ಡಿಜಿಟಲ್ ಕೌಶಲ ಇಲ್ಲದ ವಯಸ್ಕರಿಗೆ ಉಚಿತ ಮೂಲ ಶಿಕ್ಷಣದ ಹಕ್ಕು ಇಂಗ್ಲೆಂಡಿನಲ್ಲಿ 2020ರ ಆಗಸ್ಟಿನಿಂದ ಇದೆ. ನನ್ನ ಲೈಬ್ರರಿಗೆ ಬರುವವರಲ್ಲಿ ಅದನ್ನು ಕೇಳಿದವರೇ ವಿರಳ. 2014ರ ನಂತರ ಸರ್ಕಾರ ಹೊಸ ಯೋಜನೆಯನ್ನೇ ಮಾಡಿಲ್ಲವೆಂದು ಹೌಸ್ ಆಫ್ ಲಾರ್ಡ್ಸ್ ಸಮಿತಿಯೊಂದು 2023ರಲ್ಲಿ ಟೀಕಿಸಿತು. 2025ರ ಫೆಬ್ರವರಿಯಲ್ಲಿ ಮೊದಲ ಹೆಜ್ಜೆಗಳೆಂದು ಒಂದು ಕಾರ್ಯಯೋಜನೆ ಬಂತು. ಡೇನಿಯಲ್ ಬ್ಲೇಕ್ ತೆರೆಗೆ ಬಂದು ಆಗಲೇ ಎಂಟು ವರ್ಷ ದಾಟಿತ್ತು.

ಈ ನಡುವೆ ನಮ್ಮ ಜನರ ಬಾಗಿಲಿಗೇ ಈ ಕಥೆ ಬಂತು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಇಲ್ಲಿ ನೆಲೆಸಿದವರಿಗೆಲ್ಲ ಈಗ ಇ-ವೀಸಾ. ಹೆಚ್ಚಿನವರ ಬಿಆರ್‌ಪಿ ಕಾರ್ಡುಗಳ ಅವಧಿ 2024ರ ಡಿಸೆಂಬರ್ 31ಕ್ಕೆ ಮುಗಿಯಿತು. ಇನ್ನೂ ಹಳಬರಿಗೆ ಕಾರ್ಡೂ ಇಲ್ಲ, ಹಳೆಯ ಪಾಸ್‌ಪೋರ್ಟಿನಲ್ಲಿ ಶಾಯಿಯ ಮುದ್ರೆಯೊಂದೇ. ನಾಲ್ಕು ದಶಕ ಕೈಯಲ್ಲಿದ್ದ ಕಾಗದದ ಜಾಗಕ್ಕೆ ಒಂದು ಖಾತೆ, ಬೇಕೆಂದಾಗ ತೆಗೆಯಬೇಕಾದ ಒಂಬತ್ತು ಅಕ್ಷರದ ಕೋಡು, ಅದಕ್ಕೂ 90 ದಿನದ ಆಯುಷ್ಯ.

ನಮ್ಮ ಸಂಘದ ಒಬ್ಬ ಹಿರಿಯ ತಾಯಿ ಆ ಚಳಿಗಾಲ ನನ್ನ ಮಂಗಳವಾರಕ್ಕೆ ಬಂದರು. ಧಾರವಾಡದ ಕಡೆಯವರು, ಪತಿ ಇಲ್ಲ, ಮಕ್ಕಳು ದೂರ. ಮುದ್ರೆಯನ್ನು ಇ-ವೀಸಾಕ್ಕೆ ಬದಲಿಸುವ ಅರ್ಜಿಯ ಕೆಲಸ ನೋಂದಾಯಿತ ಸಲಹೆಗಾರರೊಬ್ಬರಿಂದ ಆಗಿತ್ತು. ನಮ್ಮಂಥವರು ಅದರಲ್ಲಿ ಸಲಹೆ ಕೊಡುವ ಹಾಗಿಲ್ಲ. ಆ ಖಾತೆಯನ್ನು ತೆರೆದು ನೋಡಲು ತಾನೇ ಕಲಿಯಬೇಕು ಎಂಬುದು ಅವರ ಹಟ. “ಮಗಾ ಮಾಡಿಕೊಡ್ತಾನ್ರಿ. ಆದ್ರ ಅಂವ ಫೋನ್ ಎತ್ತೂತನಕಾ ನಾ ಈ ದೇಶದಾಗ ಇದ್ದೇನೋ ಇಲ್ಲೋ ನನಗ ಗೊತ್ತಾಗೂದಿಲ್ಲ ನೋಡ್ರಿ” ಎಂದರು.

ಮೊದಲ ದಿನ ಖಾತೆಯ ಸುದ್ದಿ ತೆಗೆಯಲಿಲ್ಲ. ಫೋನಿನ ಮೈಕ್ ಗುರುತು ಒತ್ತಿ ಕನ್ನಡದಲ್ಲೇ ಮಾತಾಡಿ ಎಂದೆ. ಅನುಮಾನದಿಂದ ಬಾಯಿ ಹತ್ತಿರ ತಂದು ಬಸವಣ್ಣನವರ ವಚನ ಎಂದರು. ವಚನಗಳ ಸಾಲೇ ಬಂತು. ಮುಂದಿನ ಮೂರು ಮಂಗಳವಾರ ಬರೀ ಹಾಡು, ವಚನ, ಊರಿನ ಹವಾಮಾನ, ತಂಗಿಗೆ ಕಳಿಸಿದ ಫೋಟೊ. ಎಲ್ಲೆಲ್ಲೋ ಒತ್ತಿ ಏನೇನೋ ತೆರೆದರು, ಏನೂ ಕೆಡಲಿಲ್ಲ. ಏನೂ ಕೆಡುವುದಿಲ್ಲ ಎಂಬುದನ್ನು ಬೆರಳು ನಂಬಲು ಅಷ್ಟು ದಿನ ಬೇಕಾಯಿತು. ಪಾಸ್‌ವರ್ಡಿಗೆ ದೊಡ್ಡಕ್ಷರ, ಅಂಕಿ, ಚಿಹ್ನೆ ಬೇಕೆಂದಾಗ ನನಗಿಂತ ಒಳ್ಳೆಯ ಉಪಾಯ ಅವರದೇ: ತವರಿನ ಎಮ್ಮೆಯೊಂದರ ಹೆಸರು, ಅದರ ಮುಂದೆ ಹಿಂದೆ ಏನೋ. ಏನೆಂದು ನನಗೆ ಹೇಳಲಿಲ್ಲ.

ಆರನೆಯ ಮಂಗಳವಾರ ಖಾತೆಯ ಪುಟ ತೆರೆದು ಅವರು ಕನ್ನಡಕ ಸರಿಮಾಡಿಕೊಂಡರು. ನಾನು ಎಂದಿನಂತೆ ಪಕ್ಕದಲ್ಲಿ ಬಾಗಿ ಪರದೆ ನೋಡುತ್ತಿದ್ದೆ. ಫೋನನ್ನು ಎದೆಗೆ ಒತ್ತಿಕೊಂಡು ನನ್ನತ್ತ ತಿರುಗಿದರು.

“ಸ್ವಲ್ಪ ಆ ಕಡೆ ಮುಖಾ ಮಾಡ್ರಿ ಡಾಕ್ಟರ್ರ, ಪಾಸ್‌ವರ್ಡ್ ಹಾಕಬೇಕು.”

ನಾನು ಕುರ್ಚಿ ತಿರುಗಿಸಿ ಕಿಟಕಿಯ ಕಡೆ ಮುಖ ಮಾಡಿ ಕುಳಿತೆ.